ಕಂತು ನಿಲ್ಲಿಸಿದರೆ ಪಾಲಿಸಿ ರದ್ದಾದಂತಲ್ಲ



ರಾಗಿ ಕಣಕ್ಕೆ ಬರುವ, ಹೊಗೆಸೊಪ್ಪು ಹರಾಜಿಗೆ ಹೋಗುವ ದಿನಗಳಲ್ಲಿ ನಮ್ಮ ಜಗಲಿಗೆ ಮೂರು ಜನ ತಪ್ಪದೆ ಬರುತ್ತಾರೆ. ಒಬ್ಬ ಕೈಸಾಲ ಕೊಟ್ಟ ಸಾಹುಕಾರ. ಇನ್ನೊಬ್ಬ ಬ್ಯಾಂಕಿನ ವಸೂಲಿಯವನು. ಮೂರನೆಯವನು ಇನ್ಶೂರೆನ್ಸ್ ಏಜೆಂಟು. ಮೊದಲಿನ ಇಬ್ಬರನ್ನು ಕಂಡರೆ ನಾವು ಮುಖ ತಿರುಗಿಸ್ತೀವಿ. ಮೂರನೆಯವನಿಗೆ ಕಾಫಿ ಕೊಡ್ತೀವಿ. ಯಾಕೆಂದರೆ ಅವನು ನಮ್ಮ ಭಾಮೈದನ ಸ್ನೇಹಿತನೋ, ನಮ್ಮ ಮಗನಿಗೆ ಪಾಠ ಹೇಳಿದ ಮೇಷ್ಟ್ರೋ ಆಗಿರುತ್ತಾನೆ.

1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ ಮೇಲೆ ಎದ್ದ ಚಳವಳಿ ಊರೂರ ಬಾಗಿಲಲ್ಲಿ ಹಲಗೆ ನೆಟ್ಟಿತು. ರೈತರ ಅಪ್ಪಣೆ ಇಲ್ಲದೆ ಸಾಲ ವಸೂಲಿಗೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ. ಆ ಹಲಗೆ ನೋಡಿ ಅಮೀನನ ಜೀಪು ವಾಪಸು ಹೋಗಿದ್ದುಂಟು. ಆದರೆ ಏಜೆಂಟನ ಬೈಕು ಅದೇ ಹಲಗೆಯ ಪಕ್ಕದಲ್ಲೇ ಸಲೀಸಾಗಿ ಒಳಕ್ಕೆ ಬಂತು. ನಾವು ಯಾರೂ ತಡೆಯಲಿಲ್ಲ. ತಡೆಯಬೇಕಾಗಿತ್ತು ಅಂತಲೂ ನಾನು ಹೇಳುತ್ತಿಲ್ಲ. ಜೀವವಿಮೆ ಕೆಟ್ಟದ್ದಲ್ಲ. ದುಡಿಯುವ ಯಜಮಾನ ಹೋದರೆ ಹೆಂಡತಿ ಮಕ್ಕಳ ಕೈಗೆ ನಾಲ್ಕು ಕಾಸು ಸಿಗುವ ದಾರಿ ಅದು. ಕೆಟ್ಟದ್ದು ಯಾವುದು ಅಂದರೆ, ಒಳಗೆ ಹೋಗುವ ಬಾಗಿಲು ಜಗಲಿಯಲ್ಲೇ ಇದೆ, ಹೊರಗೆ ಬರುವ ಬಾಗಿಲು ಎಲ್ಲಿದೆ ಅಂತ ಯಾರೂ ತೋರಿಸುವುದಿಲ್ಲ.

ಹೋದ ಕಾರ್ತೀಕದಲ್ಲಿ ಇಲವಾಲದ ಕಡೆಯ ಒಬ್ಬ ರೈತ ಹಿನಕಲ್ಲಿನ ನಮ್ಮ ಮನೆಗೆ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಎರಡು ಬಾಂಡು. 'ಅಣ್ಣಾ, ಹಳೇದನ್ನ ಕ್ಯಾನ್ಸಲ್ ಮಾಡಿಸ್ಬೇಕು, ಯಾವ ಆಫೀಸಿಗೆ ಹೋಗ್ಬೇಕು ಹೇಳಿ' ಅಂದ. ಯಾಕಪ್ಪಾ ಅಂದರೆ, ಕೈಸಾಲ ಕೊಟ್ಟವರು ಕೂತುಬಿಟ್ಟಿದ್ದಾರೆ, ಆ ಬಾಂಡು ಮುರಿಸಿ ದುಡ್ಡು ತಂದುಕೊಡು ಅಂತಿದ್ದಾರೆ ಅಂದ. ಹಳೇ ಬಾಂಡಿಗೆ ಹನ್ನೆರಡು ವರ್ಷ ಕಂತು ಕಟ್ಟಿದ್ದಾನೆ. ಒಟ್ಟು ಇಪ್ಪತ್ತು ವರ್ಷದ್ದು, ವಿಮಾ ಮೊತ್ತ ಒಂದು ಲಕ್ಷ. ಹೊಸ ಬಾಂಡಿಗೆ ಹತ್ತೇ ತಿಂಗಳು. ಅದನ್ನು ಕೊಂಡದ್ದಲ್ಲ, ಕೊಡಿಸಿದ್ದು. ಸಾಲ ಹೊಸದು ಮಾಡಿಸಲು ಬ್ಯಾಂಕಿಗೆ ಹೋದಾಗ 'ಇದಕ್ಕೊಂದು ಸಹಿ ಹಾಕ್ಬಿಡಿ' ಅಂತ ಹಾಕಿಸಿಕೊಂಡಿದ್ದಾರೆ. ಅವನು ಆ ಹೊಸದನ್ನು ಇಟ್ಟುಕೊಂಡು, ಹಳೆಯದನ್ನು ಮುರಿಸಲು ಹೊರಟಿದ್ದ. ಹಾಲು ಕೊಡುವ ಹಸು ಮಾರಿ ಗೊಡ್ಡನ್ನು ಕಟ್ಟಿಕೊಂಡ ಹಾಗೆ. ಅವನ ಕಥೆಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ಲೆಕ್ಕ ತಿಳಿಯಬೇಕು.

ನಮ್ಮಲ್ಲಿ ಹೆಚ್ಚಿನವರು ಪಾಲಿಸಿ ರದ್ದು ಮಾಡುವುದೇ ಇಲ್ಲ. ಸುಮ್ಮನೆ ಬಿಟ್ಟುಬಿಡುತ್ತಾರೆ. ಒಂದು ವರ್ಷ ಬೆಳೆ ಕೈಕೊಡುತ್ತದೆ, ಕಂತು ನಿಲ್ಲುತ್ತದೆ. ಮರುವರ್ಷ ಎರಡು ಕಂತು ಒಟ್ಟಿಗೆ ಕಟ್ಟಬೇಕು, ಮೇಲೆ ಬಡ್ಡಿ. ಆಗುವುದಿಲ್ಲ. 'ಹೋದದ್ದು ಹೋಯ್ತು' ಅಂತ ಬಾಂಡನ್ನು ಪೆಟ್ಟಿಗೆ ತಳಕ್ಕೆ ಹಾಕುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಷ್ಟೂ ವರ್ಷದ ಬೆವರು ನೀರು ಪಾಲು. ಕಂತು ನಿಲ್ಲಿಸುವುದು ಬೇರೆ, ರದ್ದು ಮಾಡಿ ನಮ್ಮ ದುಡ್ಡು ಇಸ್ಕೊಳ್ಳುವುದು ಬೇರೆ. ಇದೊಂದು ವ್ಯತ್ಯಾಸ ನಮ್ಮ ಹಳ್ಳಿಗಳಲ್ಲಿ ತಿಳಿದಿದ್ದರೆ ಎಷ್ಟೋ ದುಡ್ಡು ನಮ್ಮಲ್ಲೇ ಉಳಿಯುತ್ತಿತ್ತು.

ರಾಗಿ ಲೆಕ್ಕದಲ್ಲಿ ಹೇಳುತ್ತೇನೆ, ನಮಗೆ ಬೇಗ ಹತ್ತುವುದು ಅದೇ. 2025-26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ವರ್ಷಕ್ಕೆ ಹತ್ತು ಸಾವಿರ ಕಂತು ಅಂದರೆ ಎರಡು ಕ್ವಿಂಟಲ್ ರಾಗಿ ಮಾರಿ ಮೇಲೊಂದಿಷ್ಟು ಸೇರಿಸಬೇಕು. ಅದೂ ಬೆಂಬಲ ಬೆಲೆ ಸಿಕ್ಕಿದರೆ. ಖರೀದಿ ಕೇಂದ್ರದ ಸಾಲಿನಲ್ಲಿ ನಿಲ್ಲಲಾರದೆ ದಲ್ಲಾಳಿಗೆ ಅಳೆದುಕೊಟ್ಟವನು ಇನ್ನೂ ಹೆಚ್ಚು ಅಳೆಯಬೇಕು. ಇಂಥ ಪಾಲಿಸಿಗೆ ಎರಡು ವರ್ಷ ಕಟ್ಟಿದಿರಿ ಅನ್ನಿ. ನಾಲ್ಕು ಕ್ವಿಂಟಲಿಗಿಂತ ಹೆಚ್ಚು ರಾಗಿ ಹೋಯಿತು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಮಾಡಿದ ನಿಯಮದ ಪ್ರಕಾರ ಎರಡನೇ ವರ್ಷದಲ್ಲಿ ಮುರಿಸಿದರೆ ಖಾತ್ರಿಯಾಗಿ ಸಿಗುವುದು ಕಟ್ಟಿದ್ದರಲ್ಲಿ ನೂರಕ್ಕೆ 30. ಅಂದರೆ 6,000 ರೂಪಾಯಿ, ಒಂದೂಕಾಲು ಕ್ವಿಂಟಲಿನ ಬೆಲೆ. ಮೂರನೇ ವರ್ಷ ನೂರಕ್ಕೆ 35. ನಾಲ್ಕರಿಂದ ಏಳನೇ ವರ್ಷದವರೆಗೆ 50. ಆಮೇಲೆ ಏರುತ್ತಾ ಹೋಗಿ ಕೊನೆಯ ಎರಡು ವರ್ಷದಲ್ಲಿ 90. ಐದು ವರ್ಷ ಕಟ್ಟಿದವನು ಹತ್ತು ಕ್ವಿಂಟಲ್ ಹಾಕಿ ಐದು ಕ್ವಿಂಟಲ್ ವಾಪಸು ತರುತ್ತಾನೆ. ಸೇರಿದ ಬೋನಸ್ಸಿನ ಬೆಲೆ ಇದ್ದರೆ ಅದು ಬೇರೆ.

ಉಳಿದದ್ದು ಎಲ್ಲಿಗೆ ಹೋಯಿತು? ಒಂದಿಷ್ಟು ನಿಜವಾಗಿ ನಮ್ಮ ಜೀವದ ಹೊಣೆ ಹೊತ್ತದ್ದಕ್ಕೆ. ಇನ್ನೊಂದಿಷ್ಟು ಕಮಿಷನ್ನಿಗೆ. ಮೊದಲ ವರ್ಷದ ಕಂತಿನಲ್ಲಿ ನೂರಕ್ಕೆ 35ರವರೆಗೆ ಏಜೆಂಟರಿಗೆ ಕೊಡಬಹುದು ಅಂತ 1938ರ ವಿಮಾ ಕಾಯ್ದೆಯೇ ಬಹಳ ಕಾಲ ಅವಕಾಶ ಕೊಟ್ಟಿತ್ತು. ಮುಂದಿನ ವರ್ಷಗಳಲ್ಲಿ ಅದು ಏಳೂವರೆಗೆ, ಐದಕ್ಕೆ ಇಳಿಯುತ್ತಿತ್ತು. ಹೊಸ ಪಾಲಿಸಿ ಮಾಡಿಸಲು ಬಂದಷ್ಟು ಉತ್ಸಾಹದಿಂದ ಹಳೇ ಪಾಲಿಸಿಯ ವಿಚಾರ ಹೇಳಲು ಅವನು ಯಾಕೆ ಬರುವುದಿಲ್ಲ ಅಂತ ಇನ್ನು ಬಿಡಿಸಿ ಹೇಳಬೇಕಿಲ್ಲ. 'ಮೊದಲನೇ ಕಂತು ನಾನೇ ಹಾಕ್ತೀನಿ ಬಿಡಿ' ಅನ್ನುವವರೂ ಇದ್ದಾರೆ. ಅದು ಉದಾರತನವಲ್ಲ. ಕಮಿಷನ್ನಿನಲ್ಲಿ ಪಾಲು ಕೊಟ್ಟು ಪಾಲಿಸಿ ಮಾಡಿಸುವುದನ್ನು ಅದೇ ಕಾಯ್ದೆಯ 41ನೇ ಸೆಕ್ಷನ್ ನಿಷೇಧಿಸಿದೆ.

2024ರ ಅಕ್ಟೋಬರ್ 1ರಿಂದ ಒಂದು ಒಳ್ಳೆಯ ಬದಲಾವಣೆ ಬಂತು. ಮೊದಲು ಎರಡು ವರ್ಷ ಕಟ್ಟದೆ ಬಿಟ್ಟವನಿಗೆ ಒಂದು ಕಾಸೂ ಇರಲಿಲ್ಲ. ಅದಕ್ಕೂ ಹಿಂದಿನ ಪಾಲಿಸಿಗಳಲ್ಲಿ ಮೂರು ವರ್ಷ ಕಟ್ಟಬೇಕಾಗಿತ್ತು. ಈಗಿನ ನಿಯಮದಲ್ಲಿ ಒಂದು ವರ್ಷದ ಕಂತು ಪೂರ್ತಿ ಕಟ್ಟಿ, ಪಾಲಿಸಿಗೆ ಒಂದು ವರ್ಷ ತುಂಬಿದ್ದರೆ ವಿಶೇಷ ಸರೆಂಡರ್ ಮೌಲ್ಯ ಅಂತ ಒಂದು ಮೊತ್ತ ಕೊಡಲೇಬೇಕು. ಖಾತ್ರಿ ಮೌಲ್ಯ, ವಿಶೇಷ ಮೌಲ್ಯ ಎರಡರಲ್ಲಿ ಯಾವುದು ಹೆಚ್ಚೋ ಅದು ನಮ್ಮದು. ಆದರೆ ಇದು ಹೊಸ ಬಾಂಡುಗಳಿಗೆ. ನಿಮ್ಮ ಬಾಂಡು ಯಾವ ವರ್ಷದ್ದೋ ಆ ವರ್ಷದ ಕಟ್ಟಳೆ ಅದರ ಮೇಲೇ ಅಚ್ಚಾಗಿರುತ್ತದೆ. ಸರೆಂಡರ್ ಅನ್ನುವ ಕಲಮು ಹುಡುಕಿ. ಇಂಗ್ಲಿಷಿನಲ್ಲಿ ಇರುತ್ತದೆ, ಅದೇ ತಾನೆ ಕಷ್ಟ. ಓದಿದ ಮಗಳಿದ್ದರೆ ಅವಳ ಕೈಲಿ ಓದಿಸಿ, ಏಜೆಂಟನ ಕೈಲಿ ಬೇಡ.

ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ದಾರಿ. ಬಾಂಡು ಕೈಗೆ ಬಂದು ತಿಂಗಳೂ ಆಗಿಲ್ಲ ಅಂದರೆ ಎಲ್ಲಕ್ಕಿಂತ ಸಲೀಸು. ಬಾಂಡು ತಲುಪಿದ ದಿನದಿಂದ 30 ದಿನದೊಳಗೆ 'ನನಗೆ ಬೇಡ' ಅಂತ ಬರೆದುಕೊಟ್ಟರೆ ವಾಪಸು ತೆಗೆದುಕೊಳ್ಳಲೇಬೇಕು. ಮೊದಲು ಇದು 15 ದಿನ ಇತ್ತು, 2024ರಲ್ಲಿ 30 ಆಯಿತು. ಅಷ್ಟು ದಿನ ಜೀವದ ಹೊಣೆ ಹೊತ್ತ ಖರ್ಚು, ಡಾಕ್ಟರ ತಪಾಸಣೆ ಮಾಡಿಸಿದ್ದರೆ ಅದರ ಖರ್ಚು, ಸ್ಟಾಂಪಿನ ಖರ್ಚು ಹಿಡಿದುಕೊಂಡು ಮಿಕ್ಕದ್ದನ್ನು ಕೊಡುತ್ತಾರೆ. ಇಲ್ಲೊಂದು ಆಟ ನಡೆಯುತ್ತದೆ. ಬಾಂಡನ್ನು ಏಜೆಂಟು ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡು ಎರಡು ತಿಂಗಳಾದ ಮೇಲೆ ಹಬ್ಬಕ್ಕೆ ಬಂದವನ ಹಾಗೆ ತಂದುಕೊಡುತ್ತಾನೆ. ನೆನಪಿಡಿ, ದಿನ ಎಣಿಸುವುದು ಬಾಂಡಿನ ಮೇಲಿನ ತಾರೀಖಿನಿಂದ ಅಲ್ಲ, ಅದು ನಿಮ್ಮ ಕೈಗೆ ಬಂದ ದಿನದಿಂದ. ಅಂಚೆಯಲ್ಲಿ ಬಂದರೆ ಆ ಲಕೋಟೆಯನ್ನು ಒಲೆಗೆ ಹಾಕಬೇಡಿ, ಅದರ ಮೇಲಿನ ಮುದ್ರೆಯೇ ಸಾಕ್ಷಿ. ಕೈಯಲ್ಲಿ ತಂದುಕೊಟ್ಟರೆ, ಇಂಥ ದಿನ ಕೊಟ್ಟೆ ಅಂತ ಒಂದು ಚೀಟಿಯಲ್ಲಿ ಅವನ ಸಹಿ ತೆಗೆದುಕೊಳ್ಳಿ. ಅವನು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಳೆಯುವುದನ್ನು ಕೆಲವರು ನೋಡಿರಬಹುದು. ಅದು 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಜೀವನಜ್ಯೋತಿ ಬಿಮಾ. ಮೊದಲು 330 ಇದ್ದದ್ದು 2022ರ ಜೂನ್‌ನಿಂದ 436 ಆಯಿತು. ಸತ್ತರೆ ಎರಡು ಲಕ್ಷ, ಬದುಕಿದ್ದರೆ ಏನೂ ಇಲ್ಲ. ಮುರಿಸಿದರೂ ವಾಪಸು ಬರುವುದಿಲ್ಲ. ನನ್ನನ್ನು ಕೇಳಿದರೆ 436ಕ್ಕೆ ಎರಡು ಲಕ್ಷ ಅನ್ನುವುದು ನಮ್ಮಂಥವರಿಗೆ ಒಳ್ಳೆಯ ವ್ಯಾಪಾರ, ಇಟ್ಟುಕೊಳ್ಳಿ. ಬೇಡವೇ ಬೇಡ ಅಂದರೆ, ಅಥವಾ ಎರಡು ಬ್ಯಾಂಕಿನಲ್ಲಿ ಎರಡೆರಡು ಸಲ ಕಳೀತಿದ್ದರೆ, ಮೇ ತಿಂಗಳೊಳಗೆ ಬ್ಯಾಂಕಿಗೆ ಅರ್ಜಿ ಕೊಟ್ಟು ಖಾತೆಯಿಂದ ಕಳೆಯುವುದನ್ನು ನಿಲ್ಲಿಸಿ. ಎರಡು ಕಡೆ ಕಟ್ಟಿದರೂ ಕೊಡುವುದು ಒಂದೇ ಕಡೆ. ಬದುಕಿದ್ದರೆ ಏನೂ ಬಾರದಂಥ, ಬರಿಯ ಜೀವದ ಹೊಣೆಯ ಬೇರೆ ಟರ್ಮ್ ಪಾಲಿಸಿಗಳದ್ದೂ ಸಾಮಾನ್ಯವಾಗಿ ಇದೇ ಕಥೆ.

ಇನ್ನು ಅಸಲು ವಿಚಾರ. ನಾಲ್ಕಾರು ವರ್ಷ ಕಟ್ಟಿರುವ, ಬೋನಸ್ ಸೇರುತ್ತಿರುವ, ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇರುವಂಥ ಪಾಲಿಸಿ. ಇದನ್ನು ಮುರಿಸುವ ಮುಂಚೆ ಶಾಖೆಯಿಂದ ಮೂರು ಅಂಕಿ ತರಿಸಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಉತ್ತರ ಬರುತ್ತದೆ, ನಾಳೆ ಅದು ಬದಲಾಗುತ್ತದೆ. ಹೀಗೆ ಬರೆಯಿರಿ:

'ಶಾಖಾ ವ್ಯವಸ್ಥಾಪಕರಿಗೆ. ಮಾನ್ಯರೇ, ನನ್ನ ಪಾಲಿಸಿ ಸಂಖ್ಯೆ ಇಂಥದ್ದು. ಇಂದಿನವರೆಗೆ ನಾನು ಕಟ್ಟಿರುವ ಕಂತುಗಳು, ಸೇರಿರುವ ಬೋನಸ್ಸು, ಪಾಲಿಸಿಯ ಮೇಲೆ ಸಾಲವಿದ್ದರೆ ಅದರ ಬಾಕಿ ತಿಳಿಸಬೇಕು. ಇವತ್ತು ಸರೆಂಡರ್ ಮಾಡಿದರೆ ನನ್ನ ಕೈಗೆ ಬರುವ ಮೊತ್ತವೆಷ್ಟು, ಕಂತು ನಿಲ್ಲಿಸಿ ಪೇಯ್ಡ್-ಅಪ್ ಮಾಡಿ ಬಿಟ್ಟರೆ ಅವಧಿ ಮುಗಿದಾಗ ಬರುವ ಮೊತ್ತವೆಷ್ಟು, ಪಾಲಿಸಿಯ ಮೇಲೆ ಸಿಗುವ ಸಾಲವೆಷ್ಟು, ಅದರ ಬಡ್ಡಿ ಎಷ್ಟು ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ.'

ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಶಾಖೆಯ ಮೊಹರು ಮತ್ತು ತಾರೀಖು. ಮೊಹರು ಹಾಕುವುದಿಲ್ಲ ಅಂದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಎಲ್‌ಐಸಿ ಸಾರ್ವಜನಿಕ ಸಂಸ್ಥೆ, ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. ಖಾಸಗಿ ಕಂಪನಿಗಳಿಗೆ ಆ ಅರ್ಜಿ ನಡೆಯುವುದಿಲ್ಲ.

ಪೇಯ್ಡ್-ಅಪ್ ಅಂದರೆ ಏನು ಅಂತ ನಮ್ಮ ಇಲವಾಲದವನು ಕೇಳಿದ. ಇಪ್ಪತ್ತು ವರ್ಷಕ್ಕೆ ಒಂದು ಲಕ್ಷದ ಪಾಲಿಸಿ, ಹನ್ನೆರಡು ವರ್ಷ ಕಟ್ಟಿದ್ದಾನೆ. ಇನ್ನು ಒಂದು ಕಾಸೂ ಕಟ್ಟದೆ ಬಿಟ್ಟರೂ ಇಪ್ಪತ್ತರಲ್ಲಿ ಹನ್ನೆರಡು ಪಾಲು, ಅಂದರೆ 60,000 ರೂಪಾಯಿ ವಿಮೆ ಹಾಗೇ ನಿಂತಿರುತ್ತದೆ. ಅಲ್ಲಿಯವರೆಗೆ ಸೇರಿದ ಬೋನಸ್ಸೂ ಅದರ ಜೊತೆಗೆ. ಅವಧಿ ಮುಗಿದಾಗ ಅವನಿಗೆ, ನಡುವೆ ಏನಾದರೂ ಆದರೆ ಅವನ ಹೆಂಡತಿಗೆ. ಹೊಸ ಬೋನಸ್ಸು ಮಾತ್ರ ಸಾಮಾನ್ಯವಾಗಿ ಸೇರುವುದಿಲ್ಲ. 'ಕಂತು ಕಟ್ಟದಿದ್ರೆ ಎಲ್ಲಾ ಮುಳುಗೋಯ್ತದೆ ಅಂದಿದ್ರಲ್ಲಣ್ಣಾ' ಅಂದ. ಯಾರು ಹೇಳಿದ್ದು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೂರನೇ ಅಂಕಿಯೇ ಅವನನ್ನು ಉಳಿಸಿದ್ದು. ಪಾಲಿಸಿ ಮುರಿಸದೆ ಅದರ ಮೇಲೇ ಸಾಲ ತೆಗೆಯಬಹುದು. ಚಾಲ್ತಿಯಲ್ಲಿರುವ ಪಾಲಿಸಿಗೆ ಸರೆಂಡರ್ ಮೌಲ್ಯದ ನೂರಕ್ಕೆ 90ರ ಹತ್ತಿರದವರೆಗೂ ಕೊಡುವುದುಂಟು. ಜಾಮೀನು ಬೇಡ, ಪಹಣಿ ಬೇಡ, ಯಾರ ಕಾಲನ್ನೂ ಹಿಡಿಯುವುದು ಬೇಡ. ಬಡ್ಡಿ ಇದೆ, ಆದರೆ ನೂರಕ್ಕೆ ತಿಂಗಳಿಗೆ ಮೂರು, ಐದು ಅಂತ ಕೊಡುವ ಕೈಸಾಲದ ಮುಂದೆ ಅದು ಬಡ್ಡಿಯೇ ಅಲ್ಲ. ಒಂದು ಎಚ್ಚರ: ಆರಾರು ತಿಂಗಳಿಗೆ ಬಡ್ಡಿ ಕಟ್ಟದೆ ಬಿಟ್ಟರೆ ಅದು ಬೆಳೆಬೆಳೆದು ಸರೆಂಡರ್ ಮೌಲ್ಯವನ್ನೇ ನುಂಗುತ್ತದೆ, ಆಗ ಅವರೇ ಪಾಲಿಸಿ ಮುಚ್ಚುತ್ತಾರೆ. ನಮ್ಮ ಸ್ನೇಹಿತ ಮೂವತ್ತು ಸಾವಿರ ಸಾಲ ತೆಗೆದು ಕೈಸಾಲದವರ ಬಾಯಿ ಮುಚ್ಚಿಸಿದ. ಪಾಲಿಸಿ ಹಾಗೇ ಉಳಿಯಿತು.

ಸಾಲಕೊಟ್ಟವರು ಬಾಂಡಿನ ಮೇಲೆ ಯಾಕೆ ಅಷ್ಟು ಕಣ್ಣು ಹಾಕುತ್ತಾರೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು, ಇದು ನಮ್ಮ ಪತ್ರಿಕೆಯ ಕೆಲಸ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ನಿನಲ್ಲಿ ಡಿಕ್ರಿಯ ಮೇಲೆ ಯಾವ ಯಾವ ವಸ್ತು ಜಪ್ತಿ ಮಾಡಬಾರದು ಅಂತ ಪಟ್ಟಿ ಇದೆ. ಬೇಸಾಯದ ಮುಟ್ಟು, ಉಳುವ ಎತ್ತು ಅದರಲ್ಲಿ ಇರುವುದು ನಮ್ಮ ಹಳೇ ಕಾರ್ಯಕರ್ತರಿಗೆಲ್ಲ ಬಾಯಿಪಾಠ. 1976ರ ತಿದ್ದುಪಡಿಯಲ್ಲಿ ಅದೇ ಪಟ್ಟಿಗೆ ಇನ್ನೊಂದು ಸೇರಿತು: ಸಾಲಗಾರನ ಜೀವದ ಮೇಲಿನ ವಿಮಾ ಪಾಲಿಸಿಯಿಂದ ಬರಬೇಕಾದ ಹಣ. ಅಂದರೆ ಕೋರ್ಟಿನ ಡಿಕ್ರಿ ಹಿಡಿದು ಬಂದರೂ ಆ ಹಣವನ್ನು ಜಪ್ತಿ ಮಾಡುವ ಹಾಗಿಲ್ಲ. ನೇಗಿಲಿನ ಪಕ್ಕದಲ್ಲೇ ಬಾಂಡೂ ನಿಂತಿದೆ. ಆದರೆ ನೀವೇ ಪಾಲಿಸಿ ಮುರಿಸಿ ನಗದು ಮಾಡಿ ಖಾತೆಗೆ ಹಾಕಿಸಿಕೊಂಡ ಮೇಲೆ ಆ ರಕ್ಷಣೆಯನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಸಾಹುಕಾರ ಕೋರ್ಟಿಗೆ ಹೋಗಿ ತರಲಾಗದ್ದನ್ನು ನಿಮ್ಮ ಕೈಯಿಂದಲೇ ತರಿಸಿಕೊಳ್ಳುತ್ತಾನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಇದಕ್ಕೆ ಇನ್ನೊಂದು ಮುಖವಿದೆ. ಬಾಂಡನ್ನು ಅಡವಾಗಿ ಇಟ್ಟುಕೊಂಡ ಲೇವಾದೇವಿಯವರು ನಮ್ಮ ಸುತ್ತ ಇದ್ದಾರೆ. ಬರೀ ಬಾಂಡು ಕೈಯಲ್ಲಿದ್ದರೆ ಅವರಿಗೆ ಕಂಪನಿಯಿಂದ ಹಣ ಬರುವುದಿಲ್ಲ. ವಿಮಾ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಬಾಂಡಿನ ಮೇಲೋ ಬೇರೆ ಪತ್ರದಲ್ಲೋ ನೀವು ಸಾಕ್ಷಿ ಸಮೇತ ಹಕ್ಕು ವರ್ಗಾಯಿಸಿ ಸಹಿ ಹಾಕಿ, ಅದು ಕಂಪನಿಗೆ ತಲುಪಿದರೆ ಮಾತ್ರ ಹಕ್ಕು ಹೋಗುತ್ತದೆ. ಆದ್ದರಿಂದ ಎಂಥ ಕಷ್ಟ ಬಂದರೂ ಬಾಂಡಿನ ಬೆನ್ನಿಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ. ಖಾಲಿ ಸರೆಂಡರ್ ಫಾರಂಗೂ ಅಷ್ಟೇ. ಬ್ಯಾಂಕಿಗೋ ಸೊಸೈಟಿಗೋ ಹಿಂದೆ ವರ್ಗ ಮಾಡಿಕೊಟ್ಟಿದ್ದರೆ, ಸಾಲ ತೀರಿದ ಮೇಲೆ ಮರಳಿ ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಿ. ಅದಿಲ್ಲದೆ ರದ್ದು ಮಾಡಲು ಬರುವುದಿಲ್ಲ. ಲೇವಾದೇವಿಯವನು ಬಾಂಡು ವಾಪಸು ಕೊಡದಿದ್ದರೆ 'ಕಳೆದುಹೋಯಿತು' ಅಂತ ಸುಳ್ಳು ಬರೆದುಕೊಟ್ಟು ನಕಲು ತೆಗೆಯುವ ಜಾಣತನ ಬೇಡ, ಅದು ನಿಮ್ಮ ಕತ್ತಿಗೇ ಬರುತ್ತದೆ. ಬಲವಂತದ ಸಾಲ ವಸೂಲಿಯ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾಯ್ದೆ ಬಂದಿದೆ. ಠಾಣೆಗೆ ಹೋಗಿ, ಒಬ್ಬರೇ ಹೋಗಬೇಡಿ, ಸಂಘದವರನ್ನು ಕರೆದುಕೊಂಡು ಹೋಗಿ.

ಹೆಂಡತಿ ಮಕ್ಕಳ ಹೆಸರಿನಲ್ಲಿ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಮಾಡಿಸಿದ ಪಾಲಿಸಿಯಾದರೆ ಅದು ಯಜಮಾನನ ಸ್ವತ್ತೇ ಅಲ್ಲ. 1874ರ ಕಾನೂನು ಅದು. ಆ ಪಾಲಿಸಿ ಹೆಂಡತಿ ಮಕ್ಕಳ ಹಿತಕ್ಕೆ ಇಟ್ಟ ನಿಧಿ, ಗಂಡ ಒಬ್ಬನೇ ಹೋಗಿ ಮುರಿಸಲು ಬರುವುದಿಲ್ಲ. ಉಳಿದ ಪಾಲಿಸಿಗಳಲ್ಲಿ ಕಾನೂನು ಹಾಗೆ ಕೇಳದಿದ್ದರೂ, ಮುರಿಸುವ ಮುಂಚೆ ಮನೆಯಾಕೆಗೆ ಒಂದು ಮಾತು ಹೇಳಿ. ನಾಮಿನಿ ಆಕೆ, ಸಹಿ ಮಾಡದಿದ್ದರೂ ಕಳೆದುಕೊಳ್ಳುವವಳೂ ಆಕೆಯೇ.

ಇಷ್ಟೆಲ್ಲ ನೋಡಿಯೂ ಮುರಿಸುವುದೇ ಸರಿ ಅನ್ನಿಸಿದರೆ ಮುರಿಸಿ. ತಲೆ ತಗ್ಗಿಸುವಂಥದ್ದೇನೂ ಇಲ್ಲ. ಕಟ್ಟಲಾಗದ ಕಂತಿಗೆ ಮತ್ತೆ ಸಾಲ ಮಾಡುವುದಕ್ಕಿಂತ ಅದು ಮೇಲು. ಪಾಲಿಸಿ ಇರುವ ಶಾಖೆಗೆ ಸರೆಂಡರ್ ಅರ್ಜಿ, ಮೂಲ ಬಾಂಡು, ಗುರುತಿನ ಚೀಟಿ, ಪಾನ್ ಕಾರ್ಡ್ ಇದ್ದರೆ ಅದರ ನಕಲು, ಖಾತೆಯ ರದ್ದು ಮಾಡಿದ ಚೆಕ್ಕು ಅಥವಾ ಪಾಸ್‌ಬುಕ್ಕಿನ ಮೊದಲ ಪುಟದ ನಕಲು ತೆಗೆದುಕೊಂಡು ಹೋಗಿ. ಎಲ್‌ಐಸಿಯಲ್ಲಿ 5074 ನಂಬರಿನ ಫಾರಂ, ಅದರ ಮೇಲೆ ರೆವಿನ್ಯೂ ಸ್ಟಾಂಪು ಅಂಟಿಸಿ ಸಹಿ. ಕೊಡುವ ಮುಂಚೆ ಬಾಂಡಿನ ಎಲ್ಲ ಪುಟಗಳ ಜೆರಾಕ್ಸ್ ಇಟ್ಟುಕೊಳ್ಳಿ. ಮೂಲ ಬಾಂಡು ಕೊಟ್ಟದ್ದಕ್ಕೆ ಸ್ವೀಕೃತಿ ಇಲ್ಲದೆ ಬಾಗಿಲು ದಾಟಬೇಡಿ. ಹಣ ನಿಮ್ಮ ಹೆಸರಿನ ಖಾತೆಗೇ ಬರುತ್ತದೆ, ಏಜೆಂಟನ ಕೈಗೆ ಅಲ್ಲ. ಬೆಳೆಸಾಲ ಬಾಕಿ ಇರುವ ಬ್ಯಾಂಕಿನ ಖಾತೆ ಬರೆದರೆ ಅವರು ಹಿಡಿದುಕೊಳ್ಳಬಹುದು, ಬಾಕಿ ಇಲ್ಲದ ಬೇರೆ ಬ್ಯಾಂಕಿನ ಖಾತೆ ಕೊಡುವುದು ಕ್ಷೇಮ. ಬರುವ ಮೊತ್ತ ಮೊದಲು ಬರೆದುಕೊಟ್ಟ ಮೊತ್ತಕ್ಕೆ ಹೊಂದುತ್ತದೆಯೇ ನೋಡಿ. ಮುರಿಸಿದ ಮೇಲೆ ಪಾಲಿಸಿ ಮುಗಿದ ಕಥೆ, ಮತ್ತೆ ಜೀವ ತುಂಬುವ ಹಾಗಿಲ್ಲ. ಲ್ಯಾಪ್ಸ್ ಆಗಿ ಸುಮ್ಮನೆ ಬಿದ್ದಿರುವ ಪಾಲಿಸಿಯನ್ನಾದರೆ, ಮೊದಲು ತಪ್ಪಿದ ಕಂತಿನಿಂದ ಐದು ವರ್ಷದೊಳಗೆ ಬಾಕಿ, ಬಡ್ಡಿ ಕಟ್ಟಿ ಎಬ್ಬಿಸಬಹುದು. ಪೇಟೆಯ ಷೇರಿಗೆ ದುಡ್ಡು ಹಾಕುವ ಪಾಲಿಸಿಗಳಿಗೆ ಮಾತ್ರ ಮೂರೇ ವರ್ಷ.

ಬಡ್ಡಿ ಅಂದಾಗ ನೆನಪಾಯಿತು. ವರ್ಷದ ಕಂತು ತಡವಾದರೆ ಕಂಪನಿ 30 ದಿನ ಕಾಯುತ್ತದೆ, ತಿಂಗಳ ಕಂತಾದರೆ 15 ದಿನ, ಆಮೇಲೆ ಬಡ್ಡಿ. ಸರಿ, ವ್ಯವಹಾರ ಅಂದರೆ ಹಾಗೇ ಇರಲಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೂ ಹೀಗೇ ಬರೆದಿದೆ: ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ ಸೇರಿಸಿ ಕೊಡಬೇಕು. ಕಬ್ಬಿನ ಬಾಕಿಗೆ ಬಡ್ಡಿ ಇಸ್ಕೊಂಡವರು ಓದುಗರಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನಮ್ಮ ಪಾಲಿಸಿಗಳು ಲ್ಯಾಪ್ಸ್ ಆಗುವುದು ನಮ್ಮ ಸೋಮಾರಿತನದಿಂದ ಅಲ್ಲ. ಕಾರ್ಖಾನೆಯ ದುಡ್ಡು ಬರುವ ತಿಂಗಳಿಗೂ ಕಂತಿನ ತಿಂಗಳಿಗೂ ತಾಳೆಯಾಗದೆ ಇರುವುದರಿಂದ. ವಾಯಿದೆ ನಮಗೆ ಮಾತ್ರ, ಅವರಿಗಿಲ್ಲ.

ಸಾಲಕ್ಕೆ ಹೋದಾಗ ಸಹಿ ಹಾಕಿಸಿಕೊಂಡ ಪಾಲಿಸಿಯ ವಿಚಾರ ಉಳಿಯಿತು. ಬೆಳೆಸಾಲ ಬೇಕಾದರೆ ಜೀವವಿಮೆ ಮಾಡಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. 'ಕಡ್ಡಾಯ' ಅಂದರೆ, ಅದನ್ನೇ ಕಾಗದದಲ್ಲಿ ಬರೆದುಕೊಡಿ ಸಾರ್ ಅನ್ನಿ. ಯಾರೂ ಬರೆದುಕೊಡುವುದಿಲ್ಲ. ನಮ್ಮ ಸ್ನೇಹಿತನ ಹೊಸ ಬಾಂಡಿನ ಜೊತೆಗಿದ್ದ ಅರ್ಜಿಯ ನಕಲು ಬಿಡಿಸಿ ನೋಡಿದರೆ ಕಸುಬು 'ವ್ಯಾಪಾರ', ವರ್ಷದ ವರಮಾನ ಆರು ಲಕ್ಷ. ಅವನಿಗೆ ಇರುವುದು ಮೂರು ಎಕರೆ ಖುಷ್ಕಿ. ಅವನೇ ನಕ್ಕುಬಿಟ್ಟ, 'ಆರು ಲಕ್ಷ ಇದ್ದಿದ್ರೆ ಸಾಲಕ್ಕ್ಯಾಕಣ್ಣ ಹೋಯ್ತಿದ್ದೆ' ಅಂತ. ಆ ಬಾಂಡಿಗೆ ವರ್ಷ ತುಂಬಲು ಎರಡು ತಿಂಗಳು ಬಾಕಿ ಇತ್ತು. ಅಂದೇ ಬಿಟ್ಟಿದ್ದರೆ ಸೊನ್ನೆ, ವರ್ಷ ತುಂಬಿದ ಮೇಲೆ ಸರೆಂಡರ್ ಕೇಳಿದರೆ ಏನಾದರೂ ಬರುತ್ತದೆ. ಆದರೆ ನಾವು ಸರೆಂಡರಿಗೆ ಬರೆಯಲಿಲ್ಲ. ಸುಳ್ಳು ಬರೆದು ಮಾರಿದ್ದಾರೆ, ಕಟ್ಟಿದ ಕಂತು ಪೂರ್ತಿ ವಾಪಸು ಕೊಡಿ ಅಂತ ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಅರ್ಜಿಯ ನಕಲು, ಪಹಣಿ ಎರಡನ್ನೂ ಲಗತ್ತಿಸಿ ಬರೆದೆವು.

ಕಂಪನಿ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಆಗುವುದಿಲ್ಲ ಅಂದರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ನಮ್ಮ ರಾಜ್ಯದವರದು ಬೆಂಗಳೂರು ಜೆ.ಪಿ. ನಗರ ಒಂದನೇ ಹಂತದ ಜೀವನ ಸೌಧದಲ್ಲಿ. ಫೀಜು ಇಲ್ಲ, ವಕೀಲರು ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. 50 ಲಕ್ಷದವರೆಗಿನ ತಕರಾರು ಅವರ ಮುಂದೆ ನಡೆಯುತ್ತದೆ, ನಮ್ಮದೆಲ್ಲ ಅದರ ನೆರಳಿಗೂ ಬರುವುದಿಲ್ಲ. ಫೋನಿನಲ್ಲಿ ವಿಚಾರಿಸುವವರಿಗೆ ನಿಯಂತ್ರಣ ಪ್ರಾಧಿಕಾರದ ದೂರು ಸಂಖ್ಯೆ 155255.

ಅದೇ ಪ್ರಾಧಿಕಾರದ ಹೆಸರು ಹೇಳಿಕೊಂಡು ನಿಮಗೇ ಫೋನು ಬಂದರೆ ಮಾತ್ರ ಇಟ್ಟುಬಿಡಿ. 'ನಿಮ್ಮ ಲ್ಯಾಪ್ಸ್ ಪಾಲಿಸಿಯಲ್ಲಿ ಎರಡು ಲಕ್ಷ ಬೋನಸ್ ನಿಂತಿದೆ, ಹದಿನೈದು ಸಾವಿರ ಕಟ್ಟಿದರೆ ಬಿಡುಗಡೆ ಮಾಡ್ತೀವಿ' ಅಂತ ಹಿಂದಿ ಬೆರೆಸಿದ ಕನ್ನಡದಲ್ಲಿ ಹೇಳುತ್ತಾರೆ. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ, ಯಾರಿಗೂ ಫೋನು ಮಾಡಿ ದುಡ್ಡು ಕೇಳುವುದಿಲ್ಲ.

ಹಿನಕಲ್ ಸುತ್ತಮುತ್ತ ಹೊಲ ಹೋಗಿ ಬಡಾವಣೆಯಾದ ಕಾಲದಲ್ಲಿ ಪರಿಹಾರದ ಹಣ ಕೈಗೆ ಬಂದವರ ಮನೆಗೆ ಏಜೆಂಟರು ಸಾಲುಗಟ್ಟಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಮಾಡಿಸಿದವರಲ್ಲಿ ಹಲವರು ಈಗಿಲ್ಲ. ಬಾಂಡುಗಳು ಟ್ರಂಕಿನಲ್ಲಿವೆ. ಮೂರು ವರ್ಷ ಕಂತು ಕಟ್ಟಿ ನಿಲ್ಲಿಸಿದ ಪಾಲಿಸಿಯಲ್ಲೂ ಏನಾದರೂ ಉಳಿದಿರಬಹುದು. ಕೇಳುವವರಿಲ್ಲದ ವಿಮಾ ಹಣ ಹತ್ತು ವರ್ಷದ ನಂತರ ಕೇಂದ್ರದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ, ಆದರೆ ಅಲ್ಲಿಗೆ ಹೋದ ಮೇಲೂ 25 ವರ್ಷದವರೆಗೆ ವಾರಸುದಾರರು ಕೇಳಬಹುದು. ಅಪ್ಪನ ಟ್ರಂಕು ತೆಗೆದು ನೋಡಿ. ಬಾಂಡು ಇಲಿ ತಿಂದಿದ್ದರೂ ಪಾಲಿಸಿ ನಂಬರು ಇರುವ ಒಂದು ರಸೀದಿ ಸಿಕ್ಕಿದರೆ ಶಾಖೆಯಲ್ಲಿ ವಿಚಾರಿಸಲು ಅಷ್ಟು ಸಾಕು.

ಇಲವಾಲದ ಸ್ನೇಹಿತನ ಹೊಸ ಬಾಂಡಿನ ದೂರಿಗೆ ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೂ ಉತ್ತರ ಬಂದಿಲ್ಲ. ತಿಂಗಳು ಕಳೆಯಿತು. ಬರುವ ಸೋಮವಾರ ಬೆಂಗಳೂರಿಗೆ ದೂರು ಕಳಿಸುತ್ತಿದ್ದೇವೆ. ಇಂಥದ್ದೇ ಬಾಂಡು ಇರುವವರು ಅರ್ಜಿಯ ನಕಲು, ಪಹಣಿ ಹಿಡಿದು ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಬಂದರೆ ಎಲ್ಲರದ್ದನ್ನೂ ಒಟ್ಟಿಗೆ ಬರೆದು ಹಾಕೋಣ.